ಆರು ಕರಿ ಕಲ್ಲು, ಎರಡು ಕೆಂಪು, ಒಂದು ಬಿಳಿ

ಕೊಡಗಿನ ಕುಶಾಲನಗರ, ಸುಂಟಿಕೊಪ್ಪ ಭಾಗದಲ್ಲಿ ನಾನು ವಿಶೇಷ ಮಕ್ಕಳಿಗೆ ಪಾಠ ಮಾಡುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣ ಕೊಡುವುದು 18 ವರ್ಷದವರೆಗೆ. ಆಮೇಲೆ? ಬಹಳಷ್ಟು ಮಕ್ಕಳು ಜಗಲಿಯಲ್ಲಿ ಕೂತು ಬಸ್ಸು, ಜೀಪು ನೋಡುತ್ತಾ ದಿನ ಕಳೆಯುತ್ತಾರೆ.

ಮೊದಲ ಕೆಲವು ವರ್ಷ ನಾನೂ ಕ್ಲಾಸಿನಲ್ಲಿ ಮೇಣದ ಬತ್ತಿ, ಪೇಪರ್ ಕವರ್ ಮಾಡಿಸಿದೆ. ವಾರ್ಷಿಕೋತ್ಸವಕ್ಕೆ ಟೇಬಲ್ ಹಾಕಿ ಮಾರುತ್ತಿದ್ದೆವು. ಕೊಳ್ಳುತ್ತಿದ್ದವರು ಆ ಮಕ್ಕಳ ಅಪ್ಪ ಅಮ್ಮಂದಿರೇ. ಇದನ್ನು ತರಬೇತಿ ಅಂತ ಕರೆಯೋಕೆ ಈಗ ನಾಚಿಕೆಯಾಗುತ್ತೆ.

ಆಮೇಲೆ ಉಲ್ಟಾ ಶುರು ಮಾಡಿದೆ. ಶಾಲೆ ಮುಗಿದ ಮೇಲೆ ಈ ಹುಡುಗ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬಹುದು? ಮೊದಲು ಆ ಜಾಗ ಹುಡುಕಿ, ಅಲ್ಲೇ ಕಲಿಸುವುದು.

ಮೊದಲು ಕರೆದುಕೊಂಡು ಹೋದದ್ದು ಬುದ್ಧಿ ಬೆಳವಣಿಗೆ ನಿಧಾನವಾಗಿದ್ದ, ಮಾತು ಅಷ್ಟು ಸ್ಪಷ್ಟವಿಲ್ಲದ ಒಬ್ಬ ಹುಡುಗನನ್ನು. ಮನೆ ಸುಂಟಿಕೊಪ್ಪದ ಹತ್ತಿರ, ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸಕ್ಕೆ ಹೋಗುವವರು. ಕುಶಾಲನಗರದ ಕಡೆ ಪರಿಚಯದವರ ಒಂದು ಕಾಫಿ ನರ್ಸರಿ ಇತ್ತು. ಅಲ್ಲಿ ಸಸಿಗೆ ಪ್ಲಾಸ್ಟಿಕ್ ಚೀಲ ತುಂಬುವ ಕೆಲಸ. ಕಾಡುಮಣ್ಣು ಆರು ಪಾಲು, ಕೊಟ್ಟಿಗೆ ಗೊಬ್ಬರ ಎರಡು, ಮರಳು ಒಂದು. ಬೆರೆಸಿ, ತುಂಬಿ, ನೆಲಕ್ಕೆ ಕುಟ್ಟಿ, ಸಾಲಾಗಿ ನಿಲ್ಲಿಸಬೇಕು.

ತುಂಬುವುದು, ಕುಟ್ಟುವುದು ಎರಡೇ ದಿನಕ್ಕೆ ಬಂತು. ಬೆರೆಸುವುದು ಬರಲಿಲ್ಲ. ಕ್ಲಾಸಿನಲ್ಲಿ ಮಣಿ ಇಟ್ಟುಕೊಂಡು ನೂರರವರೆಗೆ ಎಣಿಸುತ್ತಿದ್ದವನು ಇಲ್ಲಿ ಮೂರನೇ ಬಾಂಡ್ಲಿಗೆ ಲೆಕ್ಕ ಮರೆಯುತ್ತಿದ್ದ. ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ಮುಗಿದೇ ಹೋಯಿತು. ಒಂದು ದಿನವಂತೂ ಗೊಬ್ಬರವೇ ಜಾಸ್ತಿಯಾಗಿ ಇಡೀ ರಾಶಿ ಹಾಳು. ಮಾಲೀಕರು ಏನೂ ಅನ್ನಲಿಲ್ಲ, ಆದರೆ ಅವರ ಮುಖ ನೋಡಿದೆ.

ಮರುದಿನ ಒಂದು ಹಲಗೆ ಮೇಲೆ ಒಂಬತ್ತು ಕಲ್ಲು ಜೋಡಿಸಿದೆ. ಆರು ಕರಿ, ಎರಡು ಕೆಂಪು, ಒಂದು ಬಿಳಿ. ಮಣ್ಣಿನ ರಾಶಿಗೂ ಒಂದು ಕರಿ ಕಲ್ಲು ಚುಚ್ಚಿದೆ, ಗೊಬ್ಬರಕ್ಕೆ ಕೆಂಪು, ಮರಳಿಗೆ ಬಿಳಿ. ಒಂದು ಬಾಂಡ್ಲಿ ಹಾಕಿದರೆ ಒಂದು ಕಲ್ಲು ಆಚೆ ಬದಿಗೆ. ಎಣಿಸುವ ಗೋಜೇ ಇಲ್ಲ. ಈಚೆ ಕಲ್ಲು ಖಾಲಿಯಾದರೆ ಬೆರೆಸು, ಅಷ್ಟೇ. ಒಂದು ವಾರದಲ್ಲಿ ನಾನು ಅಲ್ಲಿ ಬೇಕಾಗಲಿಲ್ಲ. ಇನ್ನೊಬ್ಬ ಕೆಲಸದವರೂ ಆ ಹಲಗೆ ಬಳಸತೊಡಗಿದರು ಅನ್ನೋದು ನನಗೆ ಒಳಗೊಳಗೇ ಹೆಮ್ಮೆ.

ಬಸ್ಸಿನದು ಬೇರೆ ಕತೆ. ಜನವರಿಯಲ್ಲಿ ಶುರು ಮಾಡಿದೆವು. ಮೊದಲು ಪಕ್ಕದ ಸೀಟಿನಲ್ಲಿ ಕೂತೆ, ಆಮೇಲೆ ಎರಡು ಸೀಟು ಹಿಂದೆ, ಆಮೇಲೆ ಸ್ಕೂಟರಿನಲ್ಲಿ ಬಸ್ಸಿನ ಹಿಂದೆ. ಮಾರ್ಚ್ ಹೊತ್ತಿಗೆ ಬೋರ್ಡ್ ಗುರುತಿಸಿ ಒಬ್ಬನೇ ಓಡಾಡುತ್ತಿದ್ದ. ನಾನು ಗೆದ್ದೆ ಅಂದುಕೊಂಡೆ. ಕೊಡಗಿನಲ್ಲಿದ್ದುಕೊಂಡು ಮಳೆಯನ್ನೇ ಮರೆತಿದ್ದೆ ನೋಡಿ!

ಜುಲೈನಲ್ಲಿ ಒಂದು ಸಂಜೆ ಧೋ ಅಂತ ಮಳೆ. ಬಸ್ಸಿನ ಗಾಜಿನ ಮೇಲೆಲ್ಲ ನೀರು, ಬೋರ್ಡ್ ಕಾಣಲ್ಲ, ಜನ ಕೊಡೆ ಮಡಚಿ ನುಗ್ಗುತ್ತಿದ್ದಾರೆ. ಇವನೂ ಅವರ ಜೊತೆ ಹತ್ತಿದ. ಇಳಿದದ್ದು ಸಿದ್ದಾಪುರದಲ್ಲಿ. ಜೇಬಿನ ಚೀಟಿಯಲ್ಲಿದ್ದ ನಂಬರಿಗೆ ಯಾರೋ ಆಟೋದವರು ಫೋನ್ ಮಾಡಿದರು. ಕರೆದುಕೊಂಡು ಬರುವಾಗ ರಾತ್ರಿ ಎಂಟೂವರೆ.

"ಸಾಕು ಟೀಚರ್, ಇನ್ನು ಕಳಿಸಲ್ಲ" ಅಂದರು ಅಪ್ಪ. ನಾನು ವಾದ ಮಾಡಲಿಲ್ಲ. ತಪ್ಪು ನನ್ನದೇ ಅಲ್ವಾ? ಬಿಸಿಲಿನಲ್ಲಿ ಕಲಿಸಿ ಮಳೆಯಲ್ಲಿ ಪರೀಕ್ಷೆ ಇಟ್ಟ ಹಾಗಾಯಿತು. ಮೂರು ವಾರ ಬಿಟ್ಟು, ಅಮ್ಮನೇ "ಮನೇಲಿ ಸುಮ್ನೆ ಕೂತು ಮಂಕಾಗಿದ್ದಾನೆ" ಅಂತ ಫೋನ್ ಮಾಡಿದಾಗ ಮತ್ತೆ ಹೊರಟೆವು, ಮಳೆಯಲ್ಲೇ. ಈ ಸಲ ಬೋರ್ಡ್ ಓದುವುದು ಬಿಟ್ಟೆ. ಊರಿನ ಹೆಸರು ದೊಡ್ಡದಾಗಿ ಬರೆದ, ಪ್ಲಾಸ್ಟಿಕ್ ಹಾಕಿದ ಒಂದು ಕಾರ್ಡ್. ಕಂಡಕ್ಟರಿಗೆ ತೋರಿಸಬೇಕು, ಅವರು "ಹತ್ತು" ಅಂದ ಮೇಲೇ ಹತ್ತಬೇಕು. ಈಗ ನಾನು ಯಾರಿಗೂ ಬಸ್ ಕಲಿಸುವುದು ಜೂನ್‌ನಲ್ಲೇ.

ಕಾಗದಪತ್ರದ ಬಗ್ಗೆ ಒಂದೆರಡು ಮಾತು. ಬುದ್ಧಿ ಬೆಳವಣಿಗೆ ನಿಧಾನವಿರುವ ಮಕ್ಕಳಿಗೆ ಚಿಕ್ಕಂದಿನಲ್ಲಿ ಕೊಟ್ಟ ಅಂಗವೈಕಲ್ಯ ಪ್ರಮಾಣಪತ್ರವನ್ನು 18ಕ್ಕೆ ಮತ್ತೆ ತಪಾಸಣೆ ಮಾಡಿಸಿ ಹೊಸದಾಗಿ ಪಡೆಯಬೇಕು. 18 ಆದ ಮೇಲೆ ಅಪ್ಪ ಅಮ್ಮ ತಾವಾಗಿಯೇ ಕಾನೂನು ಪಾಲಕರಾಗಿ ಉಳಿಯುವುದಿಲ್ಲ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಪಾಲಕತ್ವ ಬೇಕಿದ್ದರೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಆದರೆ ಎಲ್ಲರಿಗೂ ಅದು ಬೇಕು ಅಂತ ನಾನು ಒಪ್ಪಲ್ಲ. ಇವನ ಖಾತೆಗೆ ಒಂದು ಬ್ಯಾಂಕಿನಲ್ಲಿ ಪಾಲಕರ ಪತ್ರ ತನ್ನಿ ಅಂದರು. 2016ರ ಕಾಯ್ದೆಯಲ್ಲಿ ತನ್ನ ಹಣದ ವ್ಯವಹಾರ ತಾನೇ ನೋಡಿಕೊಳ್ಳುವ ಹಕ್ಕಿದೆ ಅಂತ ತೋರಿಸಿ, ಎರಡು ಸಲ ಅಲೆದು, ಅವನ ಸಹಿಯಲ್ಲೇ ಮಾಡಿಸಿದೆವು.

ಕೂಲಿ ಚೀಲದ ಲೆಕ್ಕದಲ್ಲಿ. ಬೇರೆಯವರ ಅರ್ಧದಷ್ಟು ತುಂಬುತ್ತಾನೆ, ಅಷ್ಟಕ್ಕೆ ದುಡ್ಡು. ಮೊದಲ ವಾರ ಮಾಲೀಕರು ಅಪ್ಪನ ಕೈಗೆ ಕೊಡಲು ಹೋದರು. "ಅಣ್ಣ, ತುಂಬಿದವನು ಅವನು" ಅಂದೆ. ಅವನ ಕೈಗೇ ಕೊಟ್ಟರು. ಸೀದಾ ಬೇಕರಿಗೆ ಹೋಗಿ ಒಂದು ಎಗ್ ಪಫ್ಸ್ ತಗೊಂಡು ನಮ್ಮೆದುರೇ ಪೂರ್ತಿ ತಿಂದ. ನಮಗೆ ಒಂದು ಚೂರೂ ಇಲ್ಲ.

ಈಗ ಇನ್ನೊಬ್ಬಳು ಹುಡುಗಿ ಇದ್ದಾಳೆ. ಕೈಗೆ ಮಣ್ಣು ತಾಗಿದರೆ ಆಗಲ್ಲ, ಹಾಗಾಗಿ ನರ್ಸರಿ ಬೇಡ. ಒಂದು ಹೋಂಸ್ಟೇಯಲ್ಲಿ ಬೆಡ್‌ಶೀಟ್ ಮಡಚಲು ಹಾಕಿದ್ದೇನೆ. ಅಂಚಿಗೆ ಅಂಚು ಸೇರಿಸಿ ನನಗಿಂತ ಚೆನ್ನಾಗಿ ಮಡಚುತ್ತಾಳೆ. ತೊಂದರೆ ಅಲ್ಲಿನ ನಾಯಿಯದು. ಅದು ಬೊಗಳಿದರೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಈ ವಾರ ನಾಯಿಗೆ ಬಿಸ್ಕತ್ತು ಹಾಕುವುದನ್ನು ಕಲಿಸುತ್ತಿದ್ದೇನೆ, ಕಿಟಕಿಯ ಒಳಗಿನಿಂದ.