ಗುಳಿಗೆಗಿಂತ ಮೊದಲು ಪಾಸ್‌ಬುಕ್ ನೋಡುತ್ತೇನೆ

ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಯಾರಿಗಾದರೂ ಟಿಬಿ ಇದೆ ಅಂತ ಗೊತ್ತಾದರೆ ಅವರ ಮನೆಗೆ ಹೋಗಿ ಮೊದಲು ಕೇಳುವುದು ಬ್ಯಾಂಕ್ ಪಾಸ್‌ಬುಕ್. ಗುಳಿಗೆ ಮಾತು ಆಮೇಲೆ.

ಇದನ್ನು ಕಲಿಸಿದ್ದು ಗಾರೆ ಕೆಲಸದ ಒಬ್ಬ ಹುಡುಗ. ನಮ್ಮ ಕಡೆಯ ಎಷ್ಟೋ ಜನರ ಹಾಗೆ ಬೆಂಗಳೂರಿಗೆ ಗುಳೆ ಹೋಗಿದ್ದ, ಕೆಮ್ಮು ನಿಲ್ಲದೆ ಸಂಜೆ ಜ್ವರ ಬಂದು ಸೊರಗಿ ಊರಿಗೆ ವಾಪಸ್ ಬಂದ. ಕಫ ಪರೀಕ್ಷೆಯಲ್ಲಿ ಟಿಬಿ ಅಂತ ಬಂತು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟದ ಖರ್ಚಿಗೆ ತಿಂಗಳಿಗೆ 1,000 ರೂಪಾಯಿ ಸಿಗುತ್ತದೆ. 2018ರಲ್ಲಿ ಶುರುವಾದಾಗ 500 ಇತ್ತು, 2024ರ ನವೆಂಬರ್‌ನಿಂದ ಜಾಸ್ತಿ ಆಯಿತು. ನಾನು ಅವನ ಖಾತೆ ನಂಬರ್ ಬರೆದುಕೊಟ್ಟು ಸುಮ್ನೆ ಇದ್ದುಬಿಟ್ಟೆ. ಎರಡು ತಿಂಗಳಾದರೂ ದುಡ್ಡು ಬರಲಿಲ್ಲ. ವರ್ಷಗಟ್ಟಲೆ ವ್ಯವಹಾರ ಇಲ್ಲದೆ ಆ ಖಾತೆ ಬಂದ್ ಆಗಿತ್ತು.

ಅಷ್ಟರಲ್ಲಿ ಅವನ ಕೆಮ್ಮು ನಿಂತಿತ್ತು. "ಅಕ್ಕಾ, ನಾ ಆರಾಮ ಆಗೀನಿ. ಮನ್ಯಾಗ ಕುಂತ್ರ ಹೊಟ್ಟಿಗೇನ್ ತಿನ್ಲಿ?" ಅಂದ. ಬೆಂಗಳೂರು ಬಸ್ಸಿಗೆ ಚೀಲ ಕಟ್ಟಿಟ್ಟಿದ್ದ.

ನಾನು ಬೈಯಲಿಲ್ಲ, ಅವನ ಮಾತಲ್ಲಿ ತಪ್ಪೇನಿತ್ತು? ಹೇಳಿದ್ದಿಷ್ಟೇ: ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ, ನಡುವೆ ಬಿಟ್ಟರೆ ಉಳಿದ ರೋಗಾಣು ಔಷಧಿಗೆ ಜಗ್ಗದ ಹಾಗೆ ಆಗಬಹುದು, ಆಗ ಚಿಕಿತ್ಸೆ ಇನ್ನೂ ಕಷ್ಟ. ಮರುದಿನ ಬೆಳಗ್ಗೆ ಅವನ ಜೊತೆ ನಾನೇ ಬ್ಯಾಂಕಿಗೆ ಹೋದೆ. ಆಧಾರ್ ಜೋಡಿಸಿ ಖಾತೆ ಚಾಲೂ ಮಾಡಿಸುವಷ್ಟರಲ್ಲಿ ಮಧ್ಯಾಹ್ನ ಆಯಿತು. ದುಡಿಯಲು ಹೋಗಲೇಬೇಕು ಅಂದರೆ ಮೊದಲೇ ತಿಳಿಸು, ನಿನ್ನ ಹೆಸರು ಅಲ್ಲಿನ ದವಾಖಾನೆಗೆ ವರ್ಗ ಮಾಡಿಸಬಹುದು, ಗುಳಿಗೆ ಅಲ್ಲೇ ಸಿಗುತ್ತದೆ ಅಂತಲೂ ಹೇಳಿದೆ. ಇದು ಗೊತ್ತಿಲ್ಲದೆಯೇ ಎಷ್ಟೋ ಜನ ಹೇಳದೆ ಕೇಳದೆ ಹೋಗಿಬಿಡುತ್ತಾರೆ.

ದುಡ್ಡಿಗಿಂತ ಕಷ್ಟದ್ದು ಮನೆಯೊಳಗಿತ್ತು. ಅವನ ತಾಯಿ ತಾಟು, ಹಾಸಿಗೆ ಎಲ್ಲ ದನದ ಕೊಟ್ಟಿಗೆಗೆ ಹಾಕಿದ್ದಳು. ಟಿಬಿ ತಾಟಿನಿಂದ ಬರಲ್ಲ, ಕೆಮ್ಮಿದಾಗ ಗಾಳಿಯಿಂದ ಹರಡುತ್ತದೆ, ಸರಿಯಾಗಿ ಗುಳಿಗೆ ನುಂಗಿದರೆ ಅದೂ ಬೇಗ ಕಡಿಮೆ ಆಗುತ್ತದೆ ಅಂತ ಮೂರು ಸಲ ಹೇಳಿದ್ದೆ, ಆಕೆ ತಲೆ ಆಡಿಸುತ್ತಿದ್ದಳು ಅಷ್ಟೆ. ಒಂದು ದಿನ "ಯವ್ವಾ, ಚಹಾ ಮಾಡು, ನಿನ್ನ ಮಗನ ಜೋಡಿ ಕುಂತು ಕುಡೀತೀನಿ" ಅಂದೆ. ಅವನ ಪಕ್ಕದಲ್ಲೇ ಕೂತು ಕುಡಿದೆ. ಆಕೆ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ಮುಂದಿನ ವಾರ ಹೋದಾಗ ಹಾಸಿಗೆ ಪಡಸಾಲೆಗೆ ಬಂದಿತ್ತು, ಕಿಟಕಿ ತೆರೆದಿತ್ತು.

ಇನ್ನೊಂದು. ಗುಳಿಗೆಯಿಂದ ಮೂತ್ರ ಕೆಂಪಗಾಗುತ್ತದೆ. ನಾನು ಹೇಳಿರಲಿಲ್ಲ, ಅವನು ರಕ್ತ ಅಂದುಕೊಂಡು ಒಂದು ರಾತ್ರಿ ಪೂರ್ತಿ ಅತ್ತಿದ್ದಾನೆ. ಈಗ ಮೊದಲ ದಿನವೇ ಹೇಳುತ್ತೇನೆ.

ಊಟಕ್ಕೆ ಕಿರಾಣಿ ಅಂಗಡಿಯ ಅಣ್ಣನನ್ನು ಕೇಳಿದೆ. 2022ರಿಂದ ಯಾರು ಬೇಕಾದರೂ ನಿಕ್ಷಯ್ ಮಿತ್ರ, ಅಂದರೆ ಟಿಬಿ ರೋಗಿಗೆ ಊಟದ ಸಾಮಾನು ಕೊಟ್ಟು ನೆರವಾಗುವವರು, ಆಗಬಹುದು, ರೋಗಿ ಒಪ್ಪಿದರೆ ಮಾತ್ರ. ಹುಡುಗ ಒಪ್ಪಿದ, ತಿಂಗಳು ತಿಂಗಳು ತೊಗರಿ ಬೇಳೆ, ಶೇಂಗಾ, ತತ್ತಿ ಬಂತು. ಫೋಟೋ ತೆಗೆಯಬೇಡ ಅಂತ ಅಣ್ಣನಿಗೆ ಮೊದಲೇ ಹೇಳಿದ್ದೆ. ಊರಲ್ಲಿ ಎಲ್ಲರಿಗೂ ಫೋನ್ ಇದೆ, ಅಲ್ವಾ?

ಆರು ತಿಂಗಳು ಮುಗಿಸಿ, ಕೊನೆಯ ಪರೀಕ್ಷೆ ಸರಿ ಬಂದ ಮೇಲೆಯೇ ಅವನು ಬಸ್ ಹತ್ತಿದ. ಈಗ ನನ್ನ ಕಡೆ ಇನ್ನಿಬ್ಬರಿದ್ದಾರೆ. ಒಬ್ಬರ ಖಾತೆಗೆ ಆಧಾರ್ ಜೋಡಿಸಿಲ್ಲ, ಸೋಮವಾರ ಬ್ಯಾಂಕಿಗೆ ಹೋಗಬೇಕು.