ಮೂರು ಕಂಪ್ಯೂಟರ್‌ಗಳಲ್ಲಿ ಒಂದಕ್ಕೆ ಮಾತ್ರ ವಿಂಡೋಸ್ 11

ಗಂಗಾವತಿಯಲ್ಲಿ ಡಿಟಿಪಿ ಅಂಗಡಿ ನಡೆಸುವ ನಾನು ಲಗ್ನಪತ್ರಿಕೆ, ಬಿಲ್ ಪುಸ್ತಕಗಳ ಕೆಲಸದ ಜೊತೆಗೆ ಪರಿಚಯದ ಒಂದು ಅಕ್ಕಿ ಗಿರಣಿಯ ಕಂಪ್ಯೂಟರನ್ನೂ ನೋಡಿಕೊಳ್ಳುತ್ತೇನೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂಬ ಸೂಚನೆ ಪರದೆಯ ಮೇಲೆ ಬರತೊಡಗಿದಾಗ ಅಂಗಡಿಯದು, ಮನೆಯದು, ಗಿರಣಿಯದು ಎಂದು ಮೂರು ಯಂತ್ರಗಳ ಹೊಣೆ ನನ್ನ ಮೇಲಿತ್ತು.

ವಿಂಡೋಸ್ 8ನ್ನು ನಾನು ಮುಟ್ಟಿದವನೇ ಅಲ್ಲ. 7ರಿಂದ ನೇರವಾಗಿ 10ಕ್ಕೆ ಬಂದೆ. ಆಗ ಮದುವೆ ಹಂಗಾಮಿನ ನಡುವೆಯೇ ಅಪ್‌ಗ್ರೇಡ್‌ಗೆ ಹಾಕಿ ಅಂಗಡಿ ಮುಚ್ಚಿಕೊಂಡು ಹೋಗಿದ್ದೆ. ಬೆಳಿಗ್ಗೆ ಹಳೆಯ ಲೇಸರ್ ಪ್ರಿಂಟರಿಗೆ ಹೊಂದುವ ಡ್ರೈವರ್ ಸಿಗಲಿಲ್ಲ. ಗಿರಾಕಿಗಳು ಬೀಗರ ಹೆಸರು ತಿದ್ದಿಸಿದಾಗಲೆಲ್ಲ ಪ್ರೂಫ್ ತೆಗೆಸಲು ಬೇರೊಬ್ಬರ ಅಂಗಡಿಗೆ ಓಡಬೇಕಾಯಿತು. ಮೊದಲೇ ನೋಡಿಕೊಳ್ಳದೆ ಹೋದದ್ದು ನನ್ನದೇ ತಪ್ಪು.

ಅಂಗಡಿಯ ಯಂತ್ರ ಇಂಟೆಲ್‌ನ 10ನೇ ತಲೆಮಾರಿನದು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ 8ನೇ ತಲೆಮಾರಿನಿಂದ ಮುಂದಿನವಕ್ಕೆ ವಿಂಡೋಸ್ 11 ಸಿಗುತ್ತದೆಯಾದರೂ, ತಪಾಸಣೆಯಲ್ಲಿ ಅದಕ್ಕೆ ಬೇಕಾದ ಟಿಪಿಎಂ 2.0 (ಭದ್ರತೆಯ ಕೀಲಿಗಳನ್ನು ಕಾಯುವ ವ್ಯವಸ್ಥೆ) ಇಲ್ಲವೆಂದು ಬಂತು. ವಾಸ್ತವದಲ್ಲಿ ಅದು ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ, ಪಿಟಿಟಿ ಎಂಬ ಹೆಸರಿನಲ್ಲಿ ಆಫ್ ಆಗಿ ಕುಳಿತಿತ್ತು. ಅದನ್ನು ಆನ್ ಮಾಡಿ, ಇಡೀ ಡಿಸ್ಕನ್ನು ಇನ್ನೊಂದು ಎಸ್‌ಎಸ್‌ಡಿಗೆ ಕ್ಲೋನ್ ಮಾಡಿ, ಆ ನಕಲಿನ ಮೇಲೆಯೇ ಅಪ್‌ಗ್ರೇಡ್ ಮಾಡಿದೆ; ಮೂಲ ಡಿಸ್ಕನ್ನು ಬಿಚ್ಚಿ ಗಲ್ಲಾಪೆಟ್ಟಿಗೆಯಲ್ಲಿಟ್ಟೆ. ಹಿಂದಿನ ಆವೃತ್ತಿಗೆ ಮರಳುವ ಸೌಲಭ್ಯ ವಿಂಡೋಸ್‌ನಲ್ಲೇ ಇದ್ದರೂ ಅದರ ಅವಧಿ ಸಾಮಾನ್ಯವಾಗಿ 10 ದಿನ ಮಾತ್ರ, ಮತ್ತು ಗಿರಾಕಿಯ ಹಳೆಯ ಫೈಲೊಂದು ತೆರೆಯದೆ ಹೋಗುವುದು ಹನ್ನೊಂದನೆಯ ದಿನವೂ ಆಗಬಹುದು. ಕನ್ನಡದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಪತ್ರಿಕೆಗಳನ್ನು ತೆರೆದು, ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನ ತಪ್ಪಿಲ್ಲವೆಂದು ಕಾಗದದ ಮೇಲೆ ತೆಗೆದು ನೋಡಿದ ಮೇಲಷ್ಟೇ ಹೊಸ ಕೆಲಸ ಹಿಡಿದೆ.

ಮನೆಯ ಯಂತ್ರ 6ನೇ ತಲೆಮಾರಿನದು, ಮಗಳ ಓದಿಗೆ ಇರುವುದು; ಅದನ್ನು ವಿಂಡೋಸ್ 10ರಲ್ಲೇ ಉಳಿಸಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್‌ಗಳ ಬ್ಯಾಕಪ್ ಚಾಲೂ ಮಾಡಿ, 2026ರ ಅಕ್ಟೋಬರ್ 13ರವರೆಗಿನ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳಿಗೆ ಹಣ ಕೊಡದೆ ನೋಂದಾಯಿಸಿದೆ.

ಹೆಚ್ಚು ಯೋಚನೆಗೆ ಹಚ್ಚಿದ್ದು ಗಿರಣಿಯದು. ಭತ್ತದ ಲಾರಿಗಳ ತೂಕದ ಚೀಟಿ ತೆಗೆಯುವುದು ಡಾಸ್ ಕಾಲದ 16-ಬಿಟ್ ಪ್ರೋಗ್ರಾಂನಲ್ಲಿ. 32-ಬಿಟ್ ವಿಂಡೋಸ್ 10ರಲ್ಲಿ ಅದು ಇಂದಿಗೂ ಓಡುತ್ತದೆ; ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ, 64-ಬಿಟ್ ವಿಂಡೋಸ್ ಇಂಥ ಪ್ರೋಗ್ರಾಂಗಳನ್ನು ನೇರವಾಗಿ ಓಡಿಸುವುದಿಲ್ಲ. "ಹೊಸದು ಬೇಕಾದ್ರ ಹಾಕ್ರಿ ಸರ, ಆದ್ರ ಲಾರಿ ನಿಂತಾಗ ಚೀಟಿ ನಿಲ್ಲಬಾರದ್ರಿ" ಎಂದರು ಮಾಲೀಕರು. ಹಾಗಾಗಿ ಅಲ್ಲಿ ವಿಂಡೋಸ್ 11ರ ಮಾತನ್ನೇ ಬಿಟ್ಟೆ. ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ತೆಗೆದು, ವಾರಕ್ಕೊಮ್ಮೆ ಲೆಕ್ಕದ ನಕಲು ತೆಗೆಯಲು ಬೇರೆಲ್ಲೂ ಚುಚ್ಚದ ಒಂದು ಪೆನ್‌ಡ್ರೈವ್ ಕೊಟ್ಟಿದ್ದೇನೆ. ಗುಮಾಸ್ತರು ಅದರಲ್ಲಿ ಸಿನಿಮಾ ಹಾಕಿಕೊಳ್ಳದಂತೆ ಕಾಯುವುದೇ ಈಗ ದೊಡ್ಡ ಕೆಲಸವಾಗಿದೆ. ಹೊಸ ತೂಕದ ತಂತ್ರಾಂಶ ಬಂದಾಗ ಒಂದು ಹಂಗಾಮು ಎರಡರಲ್ಲೂ ಚೀಟಿ ತೆಗೆದು, ತೂಕ ತಾಳೆಯಾದ ಮೇಲೆ ಆ ಯಂತ್ರವನ್ನು ಬದಲಿಸುವುದೆಂದು ಮಾತಾಗಿದೆ.