9,600 ಅಡಿ ಎತ್ತರದಲ್ಲಿ ಹುರುಳಿ ಕಟ್ಟಿನ ಸಾರು

ನಾನು ಅಡುಗೆಗಿರುವ ಹೋಟೆಲು ಅಮೆರಿಕದ ಕೊಲೊರಾಡೊ ರಾಜ್ಯದ ಬ್ರೆಕೆನ್ರಿಜ್‌ನಲ್ಲಿದೆ. 1859ರಲ್ಲಿ ಚಿನ್ನ ಹುಡುಕಿಕೊಂಡು ಬಂದವರು ಕಟ್ಟಿದ ಊರಿದು. 1961ರಲ್ಲಿ ಸ್ಕೀ ತಾಣ ಶುರುವಾದ ಮೇಲೆ ಹಿಮವೇ ಇಲ್ಲಿನವರ ಹೊಟ್ಟೆ ಹೊರೆಯುತ್ತಿದೆ. ಚಳಿಗಾಲದಲ್ಲಿ ಊರಿನ ಹೋಟೆಲಿನವರು ಸೇರಿ ಸೂಪ್ ಸ್ಪರ್ಧೆ ಮಾಡಿದೆವು. ಟಿಕೆಟ್ ಕೊಂಡವರು ಪ್ರತಿ ಮೇಜಿನಲ್ಲೂ ಪುಟ್ಟ ಲೋಟದಷ್ಟು ಕುಡಿದು ನೋಡಿ ಮತ ಹಾಕುವುದು, ಹಣ ಕಷ್ಟದಲ್ಲಿರುವ ಕುಟುಂಬಗಳ ದಿನಸಿಗೆ ಹೋಗುವುದು.

ಮಾಲೀಕರ ಮನಸ್ಸಿನಲ್ಲಿ ಕುಂಬಳಕಾಯಿ ಸೂಪ್ ಇತ್ತು. ನಾನು ಹುರುಳಿ ಕಟ್ಟಿನ ಸಾರು ಮಾಡುತ್ತೇನೆಂದು ಹಟ ಹಿಡಿದೆ. ಹಾಸನದ ನಮ್ಮ ಮನೆಯಲ್ಲಿ ಚಳಿ ಹಿಡಿದರೆ, ಮೈಕೈ ನೋವೆಂದರೆ ಅಮ್ಮ ಮಾಡುತ್ತಿದ್ದುದು ಅದನ್ನೇ. ಹಿಮದಲ್ಲಿ ದಿನವಿಡೀ ಇದ್ದು ಬಂದವರಿಗೆ ಅದಕ್ಕಿಂತ ಒಳ್ಳೆಯದು ಏನಿದೆ?

ನಾನೂರು ಲೋಟ, ಲೋಟಕ್ಕೆ 60 ಮಿಲಿಲೀಟರ್. ಒಟ್ಟು 24 ಲೀಟರ್ ಸಾರು ಬೇಕು. ಎರಡು ಗಂಟೆ ದಾರಿಯ ಡೆನ್ವರ್‌ಗೆ ಹೋಗಿ ಐದು ಕಿಲೋ ಹುರುಳಿ ತಂದೆ. ಮೊದಲ ಪ್ರಯತ್ನದಲ್ಲಿ ಹೋಟೆಲಿನ ದೊಡ್ಡ ಪಾತ್ರೆಯಲ್ಲಿ ಮೂರು ಗಂಟೆ ಕುದಿಸಿದೆ. ಸಿಪ್ಪೆ ಬಿರಿಯಿತು, ಕಾಳು ಮಾತ್ರ ಹಲ್ಲಿಗೆ ಸುಣ್ಣದ ಪುಡಿಯಂತೆ ಸಿಕ್ಕಿತು. ಈ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಉರಿ ಎಷ್ಟು ಹೆಚ್ಚಿಸಿದರೂ ನೀರು ಆವಿಯಾಗುತ್ತದೆಯೇ ಹೊರತು ಬಿಸಿ ಏರುವುದಿಲ್ಲ. ಕೊನೆಗೆ ಮನೆಯ ಕುಕ್ಕರನ್ನೇ ಹೊತ್ತು ತಂದೆ. ಕುಕ್ಕರಿನ ವೆಯ್ಟ್ ಹೊರಗಿನ ಗಾಳಿಯ ಒತ್ತಡದ ಮೇಲೆ ತನ್ನದನ್ನು ಸೇರಿಸುತ್ತದೆ. ಹೊರಗಿನದೇ ಕಡಿಮೆಯಾದ್ದರಿಂದ ಊರಿನಲ್ಲಿ ಐದು ಕೂಗಿಗೆ ಬೇಯುವ ಹುರುಳಿ ಇಲ್ಲಿ ಒಂಬತ್ತು ಕೂಗು ಕೇಳಿತು. ರಾತ್ರಿ ನೆನೆಸಿ, ಮರುದಿನ ಕಂತು ಕಂತಾಗಿ ಬೇಯಿಸಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು.

ಕಟ್ಟು ಬಸಿದಾಗ ಕಂದು ಬಣ್ಣಕ್ಕೆ, ಬೆರಳಿಗೆ ಅಂಟುವಷ್ಟು ಮಂದವಾಗಿ ಬಂತು. ಧನಿಯ, ಜೀರಿಗೆ, ಕಾಳುಮೆಣಸು, ಬ್ಯಾಡಗಿ ಮೆಣಸಿನಕಾಯಿ ಹುರಿದು, ಕೆಂಡದ ಬದಲು ಕಾವಲಿಯಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನತುರಿ ಸೇರಿಸಿ ರುಬ್ಬಿದೆ. "ರುಬ್ಬುವಾಗ ಬೆಂದ ಹುರುಳಿ ಎರಡು ಹಿಡಿ ಹಾಕಪ್ಪ, ಇಲ್ಲದಿದ್ದರೆ ಸಾರು ನೀರು ಬೇರೆ, ಮಸಾಲೆ ಬೇರೆ ಆಗುತ್ತದೆ" ಎಂದು ಅಮ್ಮ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಳು. ಉಳಿದ ಕಾಳು ಅಡುಗೆಮನೆಯವರ ಊಟಕ್ಕೆ ಪಲ್ಯವಾಯಿತು.

ಸ್ಪರ್ಧೆಯ ದಿನ ಉಪ್ಪು ಬೇಕೆಂದೇ ಕಡಿಮೆ ಹಾಕಿದೆ. ಇಲ್ಲಿನ ಒಣಹವೆಯಲ್ಲಿ ಮುಚ್ಚಳ ತೆಗೆದಿಟ್ಟ ಸಾರು ಗಂಟೆಯೊಳಗೆ ಇಂಗಿ ಉಪ್ಪುಪ್ಪಾಗುತ್ತದೆ. ಪಕ್ಕದಲ್ಲೇ ಬಿಸಿನೀರಿನ ಕೆಟಲ್ ಇಟ್ಟುಕೊಂಡಿದ್ದೆ. ಬಡಿಸುವಷ್ಟು ಹೊತ್ತೂ ಸಾರು 57 ಡಿಗ್ರಿಗಿಂತ ಕೆಳಗಿಳಿಯಬಾರದು, ಅದಕ್ಕೆ ಥರ್ಮಾಮೀಟರ್ ಕೈಯಲ್ಲೇ ಇತ್ತು.

ಒಗ್ಗರಣೆಯನ್ನು ಮಾತ್ರ ಮೊದಲೇ ಹಾಕಲಿಲ್ಲ. ಎತ್ತರ ಏಟು ಕೊಡುವುದು ನೀರಿಗೆ. ತುಪ್ಪ ಇಲ್ಲೂ ಊರಿನಷ್ಟೇ ಕಾಯುತ್ತದೆ. ಹಾಗಾಗಿ ನನ್ನ ನಂಬಿಕೆಯೆಲ್ಲ ಒಗ್ಗರಣೆ ಸೌಟಿನ ಮೇಲಿತ್ತು. ಅರ್ಧ ಗಂಟೆಗೊಮ್ಮೆ ಇಂಡಕ್ಷನ್ ಒಲೆಯ ಮೇಲೆ ಪುಟ್ಟ ಬಾಣಲೆ ಇಟ್ಟು ಸಾಸಿವೆ ಸಿಡಿಸಿ, ಜಜ್ಜಿದ ಬೆಳ್ಳುಳ್ಳಿ ಅಂಚು ಕೆಂಪಾಗುವವರೆಗೆ ಬಿಟ್ಟು, ಕರಿಬೇವು ಹಾಕಿ, ಚಟಪಟ ನಿಲ್ಲುವ ಮೊದಲೇ ನಾಲ್ಕು ಲೀಟರಿನ ಪಾತ್ರೆಗೆ ಸುರಿಯುತ್ತಿದ್ದೆ. ಆ ಚುಂಯ್ ಸದ್ದಿಗೆ ಪಕ್ಕದ ಸಾಲಿನವರು ತಿರುಗಿ ನೋಡುತ್ತಿದ್ದರು. ಒಂದು ಗುಟುಕಿನಲ್ಲೇ ತೀರ್ಪಾಗುವ ಕಡೆ ಮೂಗಿಗೆ ಮೊದಲು ಸುದ್ದಿ ಮುಟ್ಟಬೇಕು.

ನಮಗೆ ಮೂರನೆಯ ಸ್ಥಾನ ಬಂತು. ಗೆದ್ದದ್ದು ಹಂದಿಮಾಂಸದ ಹಸಿಮೆಣಸಿನ ಸೂಪ್. ಇದೇ ರಾಜ್ಯದ ಪ್ವೆಬ್ಲೊ ಊರಿನ ಕಡೆ ಬೆಳೆಯುವ ಮೆಣಸಿನಕಾಯಿಯನ್ನು ಸಿಪ್ಪೆ ಕರಕಲಾಗುವವರೆಗೆ ಸುಟ್ಟು ಮಾಡುವುದು. ಆ ಸುಟ್ಟ ವಾಸನೆ ನಮ್ಮ ಬದನೆಕಾಯಿ ಗೊಜ್ಜಿನದೇ! ಅವರ ಅಡುಗೆಯವರಿಗೆ ಮಿಕ್ಕ ಹಸಿ ಹುರುಳಿಯನ್ನು ಕೊಟ್ಟೆ, ಅವರು ಸುಟ್ಟ ಮೆಣಸಿನಕಾಯಿಯ ಒಂದು ಚೀಲ ಕೊಟ್ಟರು. ಮರುದಿನ ಅದಕ್ಕೆ ಮೊಸರು ಬೆರೆಸಿ, ಇಂಗಿನ ಒಗ್ಗರಣೆ ಕೊಟ್ಟು ಹೋಟೆಲಿನವರಿಗೆಲ್ಲ ಅನ್ನದ ಜೊತೆ ಬಡಿಸಿದೆ.